ಮೊದಲ ಲ್ಯಾಪ್ ಸ್ಟೀಲ್ ಗಿಟಾರ್: ಹೊಸದಾ, ಹಳೇದಾ?

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ಸುಗಮ ಸಂಗೀತಕ್ಕೆ ಹವಾಯಿಯನ್ ಗಿಟಾರ್ (ತೊಡೆ ಮೇಲೆ ಮಲಗಿಸಿ, ತಂತಿಯ ಮೇಲೆ ಉಕ್ಕಿನ ಬಾರ್ ಜಾರಿಸಿ ನುಡಿಸುವ ಲ್ಯಾಪ್ ಸ್ಟೀಲ್) ಕಲಿಯಲು ಹೊರಟವರಿಗೆ ನನ್ನದೊಂದು ಮಾತು. ಮೊದಲನೆಯದು ಹೊಸದೇ ಇರಲಿ, ಆರು ತಂತಿಯದು. ಎಂಟು ತಂತಿಯ ಆಸೆ ಆಮೇಲೆ.

ಹಳೆಯದರ ಮೇಲೆ ಮೋಹ ಇರುತ್ತದೆ, ಗೊತ್ತು. 1930ರ ದಶಕದ ರಿಕನ್‌ಬ್ಯಾಕರ್ ಕಂಪನಿಯ ಗಿಟಾರ್‌ಗಳ ಕುದುರೆ ಲಾಳದಂಥ ಪಿಕಪ್‌ನ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗ) ನಾದವೇ ಬೇರೆ. ಆದರೆ ಅವರ 'ಬಾಣಲೆ' ಮಾದರಿಯ ಮೈ ಅಲ್ಯೂಮಿನಿಯಂ. ಬಿಸಿಯಾದರೆ ಶ್ರುತಿ ಜಾರುತ್ತದೆ. ಏಪ್ರಿಲ್ ಬಿಸಿಲಲ್ಲಿ, ಶಾಮಿಯಾನದ ಕೆಳಗೆ ಬೇಕಾ ಈ ಗೋಳು?

ಹಳೆಯದೇ ಸಿಕ್ಕಿತು ಅನ್ನಿ. ಫ್ರೆಟ್ (ಗಿಟಾರ್ ಕತ್ತಿನ ಮೇಲಿನ ಅಡ್ಡಪಟ್ಟಿ) ಸವೆದಿದೆಯಾ ಎಂಬ ಚಿಂತೆ ಬೇಡ. ಇಲ್ಲಿ ಗೆರೆಗಳು ಬರೀ ಗುರುತು, ತಂತಿ ಅವನ್ನು ಮುಟ್ಟುವುದೇ ಇಲ್ಲ. ಜೇಬಿನಲ್ಲಿ ಟೈಲರ್ ಟೇಪ್ ಇಟ್ಟುಕೊಂಡು ಹೋಗಿ. ನಟ್‌ನಿಂದ (ತಲೆ ಕಡೆ ತಂತಿ ಕೂರುವ ಪಟ್ಟಿ) 12ನೇ ಗೆರೆಗೆ ಎಷ್ಟಿದೆಯೋ, ಅಲ್ಲಿಂದ ಬ್ರಿಡ್ಜ್‌ಗೂ (ಇನ್ನೊಂದು ತುದಿಯಲ್ಲಿ ತಂತಿ ಕೂರುವ ಜಾಗ) ಅಷ್ಟೇ ಇರಬೇಕು. ನಾನು ಒಮ್ಮೆ ಸುಮ್ನೆ ಹೊಳಪು ನೋಡಿ ತಂದೆ. ಯಾರೋ ಬ್ರಿಡ್ಜ್ ಕಿತ್ತು ಒಂದಿಷ್ಟು ಹಿಂದೆ ಕೂರಿಸಿದ್ದರು! ಗೆರೆಯ ಮೇಲೆ ಸರಿಯಾಗಿ ಬಾರ್ ಇಟ್ಟರೂ ಸ್ವರ ಇಳಿದೇ ಬರುತ್ತಿತ್ತು. ಕಿವಿ ಕೆಟ್ಟಿದೆ ಅಂತ ತಿಂಗಳುಗಟ್ಟಲೆ ನನ್ನನ್ನೇ ಬೈದುಕೊಂಡೆ.

ಬಾರ್ ಅನ್ನು ಅಡ್ಡ ಇಟ್ಟರೆ ಆರೂ ತಂತಿಗೆ ಒಂದೇ ಸಮ ತಾಗಬೇಕು. ಆಂಪ್ಲಿಫೈಯರ್‌ಗೆ ಹಾಕಿಯೇ ಕೇಳಿ. ವಾಲ್ಯೂಮ್ ತಿರುಗಿಸಿದಾಗ ಕರಕರ ಅಂದರೆ ಜಾಸ್ತಿ ಹೆದರಬೇಡಿ, ಬಹುಪಾಲು ಧೂಳು. ಪಿಕಪ್ ಸದ್ದೇ ಮಾಡದಿದ್ದರೆ ಬಿಟ್ಟು ಬನ್ನಿ.

ಇನ್ನೂ ಮನಸ್ಸು ಗಟ್ಟಿಯಾಗಿಲ್ವಾ? ಮನೆಯಲ್ಲಿರುವ ಸ್ಟೀಲ್ ತಂತಿಯ ಗಿಟಾರ್‌ಗೆ ನಟ್ ಎತ್ತರಿಸುವ ತುಂಡು ಹಾಕಿ, ತೊಡೆ ಮೇಲೆ ಮಲಗಿಸಿ ಒಂದು ತಿಂಗಳು ನುಡಿಸಿ ನೋಡಿ.