ಕೆರಳಿದ ಬಿಳಿ ರಕ್ತಕಣದಲ್ಲಿ ಎಂಜೈಮ್ ಎಲ್ಲಿಗೆ ಹೋಯಿತು: ನೋಡುವುದು ಹೇಗೆ?

ಹಾಸನದ ನಮ್ಮ ಲ್ಯಾಬ್‌ನಲ್ಲಿ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಇಲ್ಲ. ಕಣಗಳನ್ನು ಇಲ್ಲಿ ಸಿದ್ಧ ಮಾಡಿ ಬಸ್ಸಿನಲ್ಲಿ ಬೆಂಗಳೂರಿಗೆ ಒಯ್ಯುತ್ತೇನೆ. ಹೊಸಬರೆಲ್ಲ ಮೈಕ್ರೋಸ್ಕೋಪ್ ಬಗ್ಗೆಯೇ ಕೇಳುತ್ತಾರೆ. ಆದರೆ ಕೆಲಸ ಕೆಡುವುದು ಜಾಸ್ತಿ ಇಲ್ಲೇ, ರಕ್ತ ತೆಗೆದ ಮೊದಲ ಎರಡು ಮೂರು ಗಂಟೆಯಲ್ಲಿ.

ನಾವು ಹುಡುಕುವುದು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣದಲ್ಲಿರುವ ಮೈಲೋಪೆರಾಕ್ಸಿಡೇಸ್ ಎಂಬ ಎಂಜೈಮ್. ಕಣ ಸುಮ್ನೆ ಇದ್ದಾಗ ಇದು ಅಜುರೋಫಿಲ್ ಗ್ರ್ಯಾನ್ಯೂಲ್ ಎಂಬ ಪುಟ್ಟ ಚೀಲಗಳಲ್ಲಿರುತ್ತದೆ. ಕಣ ಏನಾದರೂ ನುಂಗಿದರೆ ಚೀಲಗಳು ಅದರ ಸುತ್ತ ಸೇರಿ, ನುಂಗಿದ್ದನ್ನು ಸುತ್ತುವರಿದ ಫ್ಯಾಗೋಸೋಮ್ ಎಂಬ ಪೊರೆಚೀಲದೊಳಗೆ ಎಂಜೈಮ್ ಸುರಿಯುತ್ತವೆ.

ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಹಾಕಿ. ಟ್ಯೂಬ್ ಪ್ಲಾಸ್ಟಿಕ್ಕಿನದೇ ಇರಲಿ. ಗಾಜಿಗೆ ಅಂಟಿದ ನ್ಯೂಟ್ರೋಫಿಲ್ ತಾನಾಗಿಯೇ ಕೆರಳುತ್ತದೆ. ಮೊದಲ ಸಲ ನನ್ನ ಸೊನ್ನೆ ನಿಮಿಷದ, ಅಂದರೆ ಇನ್ನೂ ಕೆರಳಿಸದ ಕಣಗಳ ಟ್ಯೂಬ್ ಹೀಗೇ ಹಾಳಾಯಿತು, ಹೋಲಿಸಲು ಏನೂ ಉಳಿಯಲಿಲ್ಲ. ರಕ್ತದಿಂದ ನ್ಯೂಟ್ರೋಫಿಲ್ ಬೇರ್ಪಡಿಸುವಾಗ ಕ್ಯಾಲ್ಸಿಯಂ ಇಲ್ಲದ ಬಫರ್ (ಪಿಎಚ್ ಸ್ಥಿರವಾಗಿಡುವ ದ್ರಾವಣ) ಬಳಸಿ, ಕೆರಳಿಸುವ ಮುಂಚೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೇರಿಸಿ. ಪಿಪೆಟ್ ಮೆಲ್ಲಗೆ ಒತ್ತಿ.

ಕೆರಳಿಸಲು ಸೀರಂನಲ್ಲಿ ನೆನೆಸಿಟ್ಟ ಜೈಮೋಸಾನ್, ಅಂದರೆ ಯೀಸ್ಟ್ ಕಣಗಳ ಸಿಪ್ಪೆ. 37 ಡಿಗ್ರಿ ಬೇಕು. ಡಿಸೆಂಬರ್ ಬೆಳಗ್ಗೆ ನಮ್ಮೂರ ಚಳಿಯಲ್ಲಿ ವಾಟರ್ ಬಾತ್ ತೋರಿಸುವ ಅಂಕಿ ನಂಬಬೇಡಿ, ನೀರು ತುಂಬಿದ ಒಂದು ಟ್ಯೂಬಿಗೆ ಥರ್ಮಾಮೀಟರ್ ಇಳಿಸಿ ನೋಡಿ. 0, 2, 5, 15 ನಿಮಿಷಕ್ಕೆ ಒಂದೊಂದು ಟ್ಯೂಬ್ ತೆಗೆದು, ಕಣಗಳನ್ನು ಇದ್ದ ಸ್ಥಿತಿಯಲ್ಲೇ ನಿಲ್ಲಿಸುವ ಗ್ಲುಟರಾಲ್ಡಿಹೈಡ್ ಹಾಕಿ, ಕೊನೆಗೆ ಸುಮಾರು 1.25% ಆಗುವಂತೆ. ಅರ್ಧ ಗಂಟೆ ಸಾಕು. ರಾತ್ರಿಯಿಡೀ ಬಿಟ್ಟರೆ ಎಂಜೈಮ್ ಚುರುಕು ಕಳೆದುಕೊಳ್ಳುತ್ತದೆ.

ತೊಳೆದ ಮೇಲೆ ಡ್ಯಾಬ್, ಪೂರ್ತಿ ಹೆಸರು ಡಯಾಮಿನೋಬೆಂಜಿಡಿನ್. ಪೆರಾಕ್ಸೈಡ್ ಜೊತೆ ಸೇರಿದಾಗ ಎಂಜೈಮ್ ಇರುವಲ್ಲೇ ಇದು ಕಂದು ಬಣ್ಣವಾಗಿ ಕೂರುತ್ತದೆ. 1966ರಲ್ಲಿ ಗ್ರಹಾಂ ಮತ್ತು ಕಾರ್ನೋವ್‌ಸ್ಕಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ತಂದ ವಿಧಾನ ಇದು. ಪಿಎಚ್ 7.6ರ ಟ್ರಿಸ್ ಬಫರ್, ಮಿಲಿಲೀಟರಿಗೆ ಅರ್ಧ ಮಿಲಿಗ್ರಾಂ ಡ್ಯಾಬ್, 0.01% ಹೈಡ್ರೋಜನ್ ಪೆರಾಕ್ಸೈಡ್. ಕತ್ತಲಲ್ಲಿ ಅರ್ಧ ಗಂಟೆ. ತಳದ ಗಸಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಸರಿ. ಆಮೇಲೆ 1% ಆಸ್ಮಿಯಂ ಟೆಟ್ರಾಕ್ಸೈಡ್, ಒಂದು ಗಂಟೆ; ಡ್ಯಾಬ್‌ನ ಕಂದು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಕಪ್ಪಾಗಿ ಕಾಣುವುದು ಇದರಿಂದ. ಆಸ್ಮಿಯಂ ಹಬೆ ಕಣ್ಣಿಗೆ ಕೆಟ್ಟದ್ದು, ಹಬೆ ಹೊರಕ್ಕೆ ಎಳೆಯುವ ಹುಡ್ ಇಲ್ಲದೆ ಮುಚ್ಚಳ ತೆಗೆಯಲೇಬೇಡಿ. ಡ್ಯಾಬ್‌ಗೂ ಗ್ಲೌಸ್ ಬೇಕು.

ಒಂದು ಟ್ಯೂಬಿಗೆ ಪೆರಾಕ್ಸೈಡ್ ಹಾಕದೆ ಬಿಡಿ. ಅದು ಮಸುಕಾಗಿಯೇ ಉಳಿಯಬೇಕು. ಕೆಂಪು ಕಣ ಅಲ್ಪ ಸ್ವಲ್ಪ ಉಳಿದಿದ್ದರೆ ಗಾಬರಿ ಬೇಡ. ಹಿಮೋಗ್ಲೋಬಿನ್ ಕೂಡ ಡ್ಯಾಬ್ ಕಪ್ಪಾಗಿಸುತ್ತದೆ, ದ್ರಾವಣ ಕೆಲಸ ಮಾಡಿದೆ ಅನ್ನುವುದಕ್ಕೆ ಅದೇ ಪುಕ್ಕಟೆ ಸಾಕ್ಷಿ. ಇಯೋಸಿನೋಫಿಲ್ ಎಂಬ ಇನ್ನೊಂದು ಬಿಳಿ ರಕ್ತಕಣದಲ್ಲೂ ಪೆರಾಕ್ಸಿಡೇಸ್ ಇದೆ. ಗ್ರ್ಯಾನ್ಯೂಲ್‌ನ ಒಳಗೆ ನಡುವಿನಲ್ಲಿ ಮಸುಕಾದ ಹರಳು ಕಂಡರೆ ಆ ಕಣವನ್ನು ಲೆಕ್ಕದಿಂದ ಬಿಡಿ.

ಬಸ್ಸಿಗೆ ಐಸ್ ಬಾಕ್ಸ್ ಹೊರಟಾಗ ಟ್ಯೂಬಿಗೆ ಟವೆಲ್ ಸುತ್ತಿ, ಹೆಪ್ಪುಗಟ್ಟಿದರೆ ಪೊರೆಗಳು ಹರಿಯುತ್ತವೆ. ಬೆಂಗಳೂರಿನಲ್ಲಿ ಆಲ್ಕೋಹಾಲ್‌ನಿಂದ ನೀರು ತೆಗೆದು, ರೆಸಿನ್‌ನಲ್ಲಿ ಹುದುಗಿಸಿ, ಗಟ್ಟಿಯಾಗಲು 60 ಡಿಗ್ರಿಯಲ್ಲಿ ಎರಡು ದಿನ ಇಟ್ಟು, ಸುಮಾರು 70 ನ್ಯಾನೋಮೀಟರ್ ದಪ್ಪದ ಸೆಕ್ಷನ್, ಅಂದರೆ ತೆಳು ಪದರ ಕೊಯ್ಯುತ್ತಾರೆ.

ಸೆಕ್ಷನ್ ಕೂರಿಸುವ ಲೋಹದ ಜಾಲರಿಗೆ ಗ್ರಿಡ್ ಅನ್ನುತ್ತಾರೆ. ಮೊದಲ ಗ್ರಿಡ್ಡಿಗೆ ಸೀಸದ ಬಣ್ಣ ಹಾಕಿಸಬೇಡಿ, ಅದೂ ಕಪ್ಪು, ಡ್ಯಾಬೂ ಕಪ್ಪು. ಸೊನ್ನೆ ನಿಮಿಷದಲ್ಲಿ ಕಪ್ಪು ಚುಕ್ಕೆಗಳು ಚೆದುರಿರುತ್ತವೆ. ಆಮೇಲಿನವುಗಳಲ್ಲಿ ಜೈಮೋಸಾನ್ ಸುತ್ತ ಕಪ್ಪು ಉಂಗುರ ಮೂಡಿ, ಚುಕ್ಕೆಗಳು ಕಡಿಮೆಯಾಗುತ್ತವೆ. ಆದರೆ ಒಳಗಿನ ಚೀಲದಂತೆ ಕಂಡದ್ದು ಹೊರಕ್ಕೆ ಬಾಯಿ ತೆರೆದ ಮಡಿಕೆಯೂ ಆಗಿರಬಹುದು ಅಲ್ವಾ? ಮುಂದಿನ ಎರಡು ಮೂರು ಸೆಕ್ಷನ್‌ಗಳಲ್ಲಿ ಅದೇ ಜಾಗ ನೋಡಿ, ಆಮೇಲೆ ಎಣಿಸಿ.