ಮನೆ ಬಾಗಿಲಿಂದ ಮನೆ ಬಾಗಿಲಿಗೆ: ಹಿರಿಯರ ಜೊತೆ ಹೋಗುವ ಕೆಲಸಕ್ಕೆ ನಾನು ದರ ಕಟ್ಟಿದ್ದು

ವಯಸ್ಸಾದವರ ಜೊತೆ ಪ್ರಯಾಣ ಹೋಗಿ ಅವರನ್ನು ನೋಡಿಕೊಂಡು ಬರಲು ದಿನಕ್ಕೆ 3,200 ರೂಪಾಯಿ ಅಂತ ನಾನು ಮೊದಲ ಸಲ ಬಾಯಿಬಿಟ್ಟಾಗ ನಮ್ಮವಳೇ ಒಬ್ಬಳು ಬಿದ್ದು ಬಿದ್ದು ನಕ್ಕಿದ್ದಳು. ಶಿವಮೊಗ್ಗದ ನರ್ಸಿಂಗ್ ಹೋಮಿನಲ್ಲಿ ಎಂಟು ವರ್ಷ ನನ್ನ ಜೊತೆ ನೈಟ್ ಡ್ಯೂಟಿ ಮಾಡಿದವಳು. "ಅಜ್ಜಿ ಕೈ ಹಿಡ್ಕೊಂಡು ಹೋಗಿ ಬರೋಕೆ ಮೂರು ಸಾವಿರಾನಾ? ನೀನೇನು ಡಾಕ್ಟ್ರಾ?" ಅಂದಳು. ಹೋದ ತಿಂಗಳು ಅವಳೇ ಫೋನ್ ಮಾಡಿದ್ದಳು. "ಮಂತ್ರಾಲಯಕ್ಕೆ ಮೂರು ದಿನ ಕರೀತಿದಾರೆ ಕಣೇ, ಎಷ್ಟು ಹೇಳ್ಲಿ?" ಅದಕ್ಕೇ ಇದನ್ನು ಬರೆಯಲು ಕೂತೆ. ಬಿಪಿ ನೋಡುವುದು, ಡಯಾಪರ್ ಬದಲಿಸುವುದು, ಸೊಂಟ ಹಿಡಿದು ಎಬ್ಬಿಸುವುದು ಎಲ್ಲ ನಿಮಗೆ ಗೊತ್ತಿದ್ದದ್ದೇ. ನಾನು ದುಡ್ಡಿನ ಮಾತು ಮಾತ್ರ ಆಡುತ್ತೇನೆ.

ಮೊದಲು ಬೆಂಗಳೂರಿನ ಒಂದು ಏಜೆನ್ಸಿಯಲ್ಲಿದ್ದೆ. ಮನೆಯವರಿಂದ ದಿನಕ್ಕೆ ಸುಮಾರು 1,200 ತೆಗೆದುಕೊಂಡು ನನ್ನ ಕೈಗೆ 750 ಕೊಡುತ್ತಿದ್ದರು. 2019ರಲ್ಲಿ ಬಿಟ್ಟು ಬಂದು ಸ್ವಂತಕ್ಕೆ ಶುರು ಮಾಡಿದೆ. ಆಗ ನನ್ನ ಲೆಕ್ಕ ಬಲು ಸರಳ: ಏಜೆನ್ಸಿ 1,200 ತಗೊಂಡರೆ ನಾನು 900 ತಗೊಂಡರಾಯಿತು, ಅವರಿಗೂ ಉಳಿಯಿತು, ನನಗೂ 150 ಜಾಸ್ತಿ. ಎಂಥ ಜಾಣೆ!

ಆ ದರದಲ್ಲಿ ಹೋದ ಮೊದಲ ದೊಡ್ಡ ಪ್ರಯಾಣ ಕಾಶಿ. ಎಪ್ಪತ್ತೆಂಟರ ಅಜ್ಜಿ, ಸಕ್ಕರೆ ಕಾಯಿಲೆ, ಮಂಡಿನೋವು. ಸಂಘಮಿತ್ರ ಎಕ್ಸ್‌ಪ್ರೆಸ್ಸಲ್ಲಿ ಹೋಗುತ್ತಾ ಎರಡು ರಾತ್ರಿ, ಬರುತ್ತಾ ಎರಡು ರಾತ್ರಿ, ಅಲ್ಲಿ ಐದು ದಿನ. ಒಂಬತ್ತು ದಿನಕ್ಕೆ 8,100. ಟಿಕೆಟ್ಟು, ಊಟ, ವಸತಿ ಅವರದು ಅಂದಿದ್ದರು. ವಸತಿ ಅಂದರೆ ಅಜ್ಜಿ ಮಂಚದ ಪಕ್ಕ ನೆಲದ ಮೇಲೆ ಒಂದು ಚಾಪೆ. ಊಟ ಅಂದರೆ, ಮಡಿ ಮನೆಯವರು. ಅಜ್ಜಿಯನ್ನು ಎತ್ತಿ ಬಚ್ಚಲಿಗೆ ಕರೆದುಕೊಂಡು ಹೋಗಲು ನಾನು ಆಗುತ್ತೇನೆ, ಅಡುಗೆ ಮಾಡುವ ಕಡೆಗೆ ಆಗುವುದಿಲ್ಲ. ಹಾಗಾಗಿ ಹೊರಗೆ ನನ್ನ ದುಡ್ಡಲ್ಲೇ ತಿಂದೆ. ವಾಪಸು ಬಂದು ಎರಡು ದಿನ ಜ್ವರದಲ್ಲಿ ಮಲಗಿದೆ. ಎದ್ದು ನೋಡಿದರೆ ಊರಲ್ಲಿ ದಿನಾ ಡ್ರೆಸ್ಸಿಂಗ್ ಮಾಡಿಸಿಕೊಳ್ಳುತ್ತಿದ್ದ ತಾತ ಬೇರೆಯವರನ್ನು ಗೊತ್ತು ಮಾಡಿಕೊಂಡಿದ್ದರು. ನಾನಿಲ್ಲದಾಗ ನನ್ನ ಅಮ್ಮನನ್ನು ನೋಡಿಕೊಂಡ ಪಕ್ಕದ ಮನೆ ಅಕ್ಕನಿಗೆ ಕೊಟ್ಟಿದ್ದು, ಹೊರಗಿನ ಊಟ, ಆಟೋ, ಮಾತ್ರೆ ಎಲ್ಲ ಕಳೆದರೆ ಕೈಯಲ್ಲಿ ಉಳಿದದ್ದು ಮೂರು ಸಾವಿರ ಚಿಲ್ಲರೆ. ಹನ್ನೊಂದು ದಿನಕ್ಕೆ.

ನನಗೆ ಬುದ್ಧಿ ಹೇಳಿದ್ದು ನಮ್ಮ ಬೀದಿಯಲ್ಲಿ ಟ್ಯಾಕ್ಸಿ ಓಡಿಸುವ ಹುಡುಗ. ಒಂದು ಸಲ ಒಬ್ಬ ರಾಯರನ್ನು ಬೆಂಗಳೂರಿಗೆ ಬಿಟ್ಟು ನಾನು ಕೆಂಪು ಬಸ್ಸಲ್ಲಿ ಏಳು ಗಂಟೆ ಕೂತು ವಾಪಸು ಬಂದೆ. ಆ ದಿನಕ್ಕೆ ನನಗೆ ಕಾಸಿಲ್ಲ, ಕೆಲಸ ಮುಗಿದಿತ್ತಲ್ಲ! ಅವನು ಕೇಳಿ ನಕ್ಕ. "ಅಕ್ಕಾ, ನಾನು ಬಿಟ್ಟು ಖಾಲಿ ಬಂದ್ರೂ ವಾಪಸ್ ಕಿಲೋಮೀಟರ್ ಹಾಕ್ತೀನಿ. ದಿನಕ್ಕೆ ಮಿನಿಮಮ್ ಕಿಲೋಮೀಟರ್ ಇರುತ್ತೆ. ಡ್ರೈವರ್ ಬಾಟಾ ಬೇರೆ, ರಾತ್ರಿ ಓಡಿಸಿದ್ರೆ ಅದು ಬೇರೆ. ನಿಮ್ಗೇನು, ವಾಪಸ್ ಬರೋವಾಗ ಹೊಟ್ಟೆ ಹಸಿಯಲ್ವಾ?" ಕಾರಿಗೆ ಇರುವ ಮರ್ಯಾದೆ ನನಗಿಲ್ಲವಲ್ಲ ಅನಿಸಿತು. ಅವತ್ತೇ 200 ಪುಟದ ನೋಟ್‌ಬುಕ್ ತೆಗೆದೆ.

ಬರೆದದ್ದು ಹೀಗೆ. ವರ್ಷಕ್ಕೆ ಹೊರಗಿನ ದಿನ ಹೆಚ್ಚೆಂದರೆ 130. ಅದಕ್ಕಿಂತ ಹೆಚ್ಚು ಹೋದರೆ ಬೆನ್ನು ಕೇಳುವುದಿಲ್ಲ, ಒಂದು ವರ್ಷ 160 ಮಾಡಿ ನೋಡಿದ್ದೇನೆ, ದುಡಿದದ್ದೆಲ್ಲ ಫಿಸಿಯೋಥೆರಪಿಗೆ ಹೋಯಿತು. ಖರ್ಚು: ಪಕ್ಕದ ಮನೆ ಅಕ್ಕನಿಗೆ ದಿನಕ್ಕೆ 400ರ ಹಾಗೆ ಸುಮಾರು 50,000. ಬೇರೆಯವರ ಅಮ್ಮನನ್ನು ನೋಡಿಕೊಳ್ಳಲು ನನ್ನ ಅಮ್ಮನಿಗೆ ಬೇರೆಯವರನ್ನು ಇಡುವ ಖರ್ಚು ಇದು. ನಮ್ಮಲ್ಲಿ ಮುಕ್ಕಾಲು ಜನ ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಅತ್ತೆಯೋ ತಂಗಿಯೋ ನೋಡಿಕೊಳ್ಳುತ್ತಾರೆ ಅಂತ ಬಿಡುತ್ತಾರೆ. ಇನ್ಶೂರೆನ್ಸು 13,000, ಎರಡು ಫೋನಿನ ರೀಚಾರ್ಜು 8,000, ಬಿಪಿ ಮೆಷಿನ್ನು, ಶುಗರ್ ಸ್ಟ್ರಿಪ್ಪು ಅಂತ 6,000. ಹೋಗುವ ಮೊದಲು ಹಿರಿಯರನ್ನು ಅವರ ಮನೆಯಲ್ಲಿ ಒಮ್ಮೆ ನೋಡಿ ಬರುವ ಓಡಾಟ 9,000. ಕ್ಯಾನ್ಸಲ್ ಆದವುಗಳ ನಷ್ಟ 12,000. ಚಪ್ಪಲಿ, ಥರ್ಮಸ್, ನನ್ನ ಮಾತ್ರೆ, ಹಾಳುಮೂಳು ಇನ್ನೊಂದು 12,000. ಒಟ್ಟು 1 ಲಕ್ಷ 10 ಸಾವಿರ. 130 ದಿನಕ್ಕೆ ಹಂಚಿದರೆ ದಿನಕ್ಕೆ 850ರ ಹತ್ತಿರ. ಅಂದರೆ ನಾನು 900 ತೆಗೆದುಕೊಳ್ಳುತ್ತಿದ್ದಾಗ ದಿನಕ್ಕೆ 50 ರೂಪಾಯಿಗೆ ದುಡಿಯುತ್ತಿದ್ದೆ!

ತಿಂಗಳಿಗೆ 25,000 ಕೈಗೆ ಬರಬೇಕು ಅಂದರೆ ವರ್ಷಕ್ಕೆ 3 ಲಕ್ಷ, ಅದಕ್ಕೆ ದಿನಕ್ಕೆ 2,300. ಎರಡೂ ಸೇರಿ 3,150. ಚಿಲ್ಲರೆ ಯಾಕೆ ಅಂತ 3,200 ಮಾಡಿದೆ. ನನ್ನ ಮನೆ ಬಾಗಿಲು ದಾಟಿದಲ್ಲಿಂದ ಅದೇ ಬಾಗಿಲಿಗೆ ವಾಪಸು ಬರುವವರೆಗೆ ಪ್ರತಿ ದಿನಕ್ಕೂ ಇದೇ ದರ, ಖಾಲಿ ಬರುವ ದಿನಕ್ಕೂ. ಟಿಕೆಟ್ಟು ಅವರದು. ಊಟದ ಬಾಬ್ತು 350 ದಿನಾ ಕೈಗೆ. ಮಡಿ ಮನೆಯಾದರೂ ಸರಿ, ಮಾಂಸ ತಿನ್ನುವ ಮನೆಯಾದರೂ ಸರಿ, ಆ ಮಾತೇ ಬೇಡ. ಮಲಗಲು ಮಂಚ.

ಆಮೇಲೆ ಎರಡೂವರೆ ತಿಂಗಳು ಒಂದೂ ಬುಕಿಂಗ್ ಬರಲಿಲ್ಲ. ಫೋನಿನಲ್ಲಿ ದರ ಕೇಳಿ "ಆಯ್ತಮ್ಮ, ಮನೇಲಿ ಮಾತಾಡಿ ಹೇಳ್ತೀವಿ" ಅನ್ನುತ್ತಿದ್ದರು. ಹೇಳಿದವರಿಲ್ಲ. ಹೆದರಿ, ಯುಗಾದಿಗೆ ಮುಂಚೆ ಒಂದು ಮನೆಗೆ 2,000ಕ್ಕೆ ಒಪ್ಪಿಕೊಂಡು ರಾಮೇಶ್ವರಕ್ಕೆ ಹೋಗಿ ಬಂದೆ. ಅದೇ ದೊಡ್ಡ ತಪ್ಪು. ಆ ಮನೆಯವರ ಬೀಗರು, ಬೀಗರ ತಮ್ಮ, ಅವರ ಎದುರು ಮನೆಯವರು, ಎಲ್ಲರ ಬಾಯಲ್ಲೂ "ಅವರಿಗೆ ಎರಡು ಸಾವಿರಕ್ಕೆ ಬಂದ್ರಂತೆ". ಅದನ್ನು ಅಳಿಸಲು ಒಂದು ವರ್ಷ ಹಿಡಿಯಿತು. ಈಗ ದರ ಇಳಿಸುವುದಿಲ್ಲ, ಕೆಲಸ ಇಳಿಸುತ್ತೇನೆ. ಕಡಿಮೆ ಮಾಡಿ ಅಂದರೆ, ಆಯಿತು, ರಾತ್ರಿ ನೀವು ನೋಡಿಕೊಳ್ಳಿ, ಸಾಮಾನು ನೀವು ಎತ್ತಿ, ಅಷ್ಟು ಬಿಡುತ್ತೇನೆ ಅನ್ನುತ್ತೇನೆ. ಹತ್ತರಲ್ಲಿ ಎಂಟು ಜನ ಪೂರ್ತಿ ದರಕ್ಕೇ ಬರುತ್ತಾರೆ.

ಎಲ್ಲರಿಗೂ ಒಂದೇ ದರ ಅನ್ನುವುದೂ ನಿಲ್ಲಲಿಲ್ಲ. ಒಬ್ಬರು 85 ಕೆಜಿ, ಕಾಲಲ್ಲಿ ಬಲ ಇಲ್ಲ. ತೂಕದ ಮೇಲೆ ದಿನಕ್ಕೆ 300 ಹೆಚ್ಚು ಅಂತ ಹಾಕಿ ನೋಡಿದೆ. ಸೊಸೆಗೆ ನಗು, ಅತ್ತೆಗೆ ಕೋಪ, ಬುಕಿಂಗ್ ಹೋಯಿತು. ಕೊನೆಗೆ ದಾರಿ ಸಿಕ್ಕಿದ್ದು ಏರ್‌ಪೋರ್ಟಲ್ಲಿ. ವ್ಹೀಲ್‌ಚೇರಿಗೆ ಮೂರು ಕೋಡ್ ಇರುತ್ತದಲ್ಲ: ಡಬ್ಲ್ಯೂಸಿಎಚ್ಆರ್ ಅಂದರೆ ಮೆಟ್ಟಿಲು ಹತ್ತಬಲ್ಲರು, ದೂರ ನಡೆಯಲಾರರು, ಡಬ್ಲ್ಯೂಸಿಎಚ್ಎಸ್ ಅಂದರೆ ಮೆಟ್ಟಿಲು ಆಗದು, ಡಬ್ಲ್ಯೂಸಿಎಚ್‌ಸಿ ಅಂದರೆ ಸೀಟಿನವರೆಗೂ ಬೇರೆಯವರೇ ಕೂರಿಸಬೇಕು. ಅದನ್ನೇ ಎತ್ತಿಕೊಂಡೆ. ಮೊದಲನೆಯವರಿಗೆ 2,800, ಎರಡನೆಯವರಿಗೆ 3,200, ಮೂರನೆಯವರಿಗೆ 4,000. ತೂಕದ ಮಾತೇ ಇಲ್ಲ. ವಿಮಾನದವರದ್ದೇ ಲೆಕ್ಕ ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಶಿವಮೊಗ್ಗದಿಂದ 2023ರ ಆಗಸ್ಟಿನಲ್ಲಿ ವಿಮಾನ ಶುರುವಾದ ಮೇಲಂತೂ ಈ ಕೋಡು ಹಿರಿಯರ ಬಾಯಲ್ಲೇ ಬರುತ್ತದೆ. ಹಿರಿಯರು ಯಾವ ದರ್ಜೆ ಅಂತ ಕೇಳಿದರೆ ಫೋನಿನಲ್ಲಿ ಮಕ್ಕಳು ಯಾವತ್ತೂ ಇರುವುದಕ್ಕಿಂತ ಒಂದು ಮೆಟ್ಟಿಲು ಗಟ್ಟಿ ಇದ್ದಾರೆ ಅಂತಲೇ ಹೇಳುತ್ತಾರೆ. ನಿಜ ತಿಳಿಯಲು ನಾನು ಸೊಸೆಯನ್ನು ಒಂದು ಪ್ರಶ್ನೆ ಕೇಳುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ರಾತ್ರಿಯ ಬಾಟಾ 600. ಎರಡಕ್ಕಿಂತ ಹೆಚ್ಚು ಸಲ ಎದ್ದರೆ ಮಾತ್ರ. ಮೊದಮೊದಲು ಬೆಳಗ್ಗೆ ಜಗಳ. "ಅಮ್ಮ ಚೆನ್ನಾಗಿ ಮಲಗಿದ್ರು ಅಂತಾರಲ್ಲ" ಅಂತ ಅಮೆರಿಕದಿಂದ ಮಗ. ಅಮ್ಮನಿಗೆ ರಾತ್ರಿಯದು ಬೆಳಗ್ಗೆ ನೆನಪಿರುವುದಿಲ್ಲ, ಪಾಪ. ಈಗ ಎದ್ದಾಗೆಲ್ಲ ಮಗನ ವಾಟ್ಸಾಪಿಗೆ ಒಂದು ಸಾಲು: "2.10, ಬಾತ್‌ರೂಮ್." "3.25, ನೀರು ಬೇಕಂದ್ರು." ಅಲ್ಲಿ ಅವನಿಗೆ ಮಧ್ಯಾಹ್ನ, ಆಫೀಸಿನಲ್ಲಿ ಕೂತಿರುತ್ತಾನೆ, ನಾಲ್ಕನೇ ಸಂದೇಶಕ್ಕೆ ಅವನೇ "ಸಾರಿ ಆಂಟಿ" ಅಂತ ಬರೆಯುತ್ತಾನೆ. ರಾತ್ರಿ ಬಾಟಾಕ್ಕೆ ಮೂರು ವರ್ಷದಲ್ಲಿ ಒಬ್ಬರೂ ತಕರಾರು ತೆಗೆದಿಲ್ಲ.

ಇನ್ನು ಕ್ಯಾನ್ಸಲ್. ಒಂದು ಮನೆಯವರು ಗಯಾ, ಕಾಶಿ ಹತ್ತು ದಿನ ಅಂದರು, ನನ್ನ ಥರ್ಡ್ ಎಸಿ ಟಿಕೆಟ್ ನಾನೇ ತೆಗೆದಿದ್ದೆ, ಅವರು ಆಮೇಲೆ ಕೊಡುವ ಮಾತು. ಹೊರಡಲು ಒಂದೂವರೆ ದಿನ ಇದ್ದಾಗ ಫೋನು: ದಾಯಾದಿಯಲ್ಲಿ ಯಾರೋ ತೀರಿಕೊಂಡರು, ಸೂತಕ, ಹೋಗುವ ಹಾಗಿಲ್ಲ. ಸೂತಕದ ಜೊತೆ ಯಾರು ವಾದ ಮಾಡುತ್ತಾರೆ? 48 ಗಂಟೆಯೊಳಗೆ ಬಂದಿದ್ದರಿಂದ ಆಗಿನ ನಿಯಮದ ಪ್ರಕಾರ ಟಿಕೆಟ್ಟಲ್ಲಿ ಕಾಲು ಭಾಗ ಹೋಯಿತು. ಅದು ಬಿಡಿ, ಹತ್ತು ದಿನ ಖಾಲಿ ಕೂತೆ. ಇನ್ನೊಬ್ಬರಿಗೆ ತತ್ಕಾಲ್ ತೆಗೆದಿದ್ದೆ, ಕನ್ಫರ್ಮ್ ಆದ ತತ್ಕಾಲಿಗೆ ಒಂದು ಪೈಸೆಯೂ ವಾಪಸು ಬರುವುದಿಲ್ಲ. ಈಗ ಟಿಕೆಟ್ಟು ಅವರ ಮೊಬೈಲಿಂದಲೇ, ನನ್ನದೂ ಸೇರಿ, ಒಂದೇ ಪಿಎನ್ಆರ್‌ನಲ್ಲಿ. ಒಟ್ಟು ದರದಲ್ಲಿ 40 ಪರ್ಸೆಂಟ್ ಮುಂಗಡ. ಸೂತಕ ಬಂದರೆ, ಜ್ವರ ಬಂದರೆ, ಆಪರೇಷನ್ ದಿನ ಮುಂದೆ ಹೋದರೆ ಮುಂಗಡ ವಾಪಸಿಲ್ಲ, ಆರು ತಿಂಗಳೊಳಗೆ ಯಾವಾಗ ಬೇಕಾದರೂ ಅದೇ ದುಡ್ಡಿಗೆ ಬರುತ್ತೇನೆ. ಇದನ್ನು ಒಪ್ಪದವರು ಒಬ್ಬರೋ ಇಬ್ಬರೋ. ರೈಲ್ವೆ ರಿಸರ್ವೇಶನ್ 120 ದಿನದಿಂದ 60 ದಿನಕ್ಕೆ ಇಳಿದದ್ದು, 2024ರ ನವೆಂಬರಲ್ಲಿ, ನಮ್ಮಂಥವರಿಗೆ ಒಳ್ಳೆಯದೇ ಆಯಿತು. ನಾಲ್ಕು ತಿಂಗಳು ಮೊದಲೇ ಗೊತ್ತು ಮಾಡಿ ಕೊನೆಗೆ ಮನಸ್ಸು ಬದಲಿಸುವವರು ಕಡಿಮೆಯಾದರು.

ಹಿರಿಯ ನಾಗರಿಕರ ರೈಲ್ವೆ ರಿಯಾಯಿತಿ 2020ರ ಮಾರ್ಚಲ್ಲಿ ನಿಂತಿತಲ್ಲ, ಅದರ ಬಿಸಿ ನಮಗೂ ತಟ್ಟಿದೆ. ಅಪ್ಪ, ಅಮ್ಮ ಇಬ್ಬರ ಪೂರ್ತಿ ಟಿಕೆಟ್ಟಿನ ದುಡ್ಡು ಕಂಡು ಮಕ್ಕಳು ಮೊದಲು ಕತ್ತರಿ ಹಾಕುವುದು ನಮಗೆ. ಇನ್ನೊಂದು, ಶಕ್ತಿ ಯೋಜನೆ. 2023ರ ಜೂನಿಂದ "ಹೆಂಗೂ ನಿಮಗೆ ಬಸ್ಸು ಫ್ರೀ ಅಲ್ವಾ, ವಾಪಸ್ ದಿನದ್ದು ಬಿಟ್ಬಿಡಿ" ಅನ್ನುವವರು ಶುರುವಾದರು. ಮೊದಲು ಬಿಟ್ಟೆ ಕೂಡ. ಆಮೇಲೆ ಹೊಳೆಯಿತು, ಫ್ರೀ ಇರುವುದು ನನ್ನ ಟಿಕೆಟ್ಟು, ನನ್ನ ದಿನ ಅಲ್ಲ. ಐರಾವತ, ರಾಜಹಂಸಕ್ಕೆ ಅದು ನಡೆಯುವುದೂ ಇಲ್ಲ. ಹಾಗಾಗಿ ಟಿಕೆಟ್ ದುಡ್ಡು ಕೇಳುವುದಿಲ್ಲ, ದಿನದ ದುಡ್ಡು ಬಿಡುವುದಿಲ್ಲ.

ಆಸೆ ಬಿದ್ದು ಮಾಡಿದ ಒಂದು ಪ್ರಯೋಗ ಹೇಳಬೇಕು. ಮೂರು ಅಜ್ಜಿಯರು ಒಟ್ಟಿಗೆ ಕಾಶಿಗೆ, ಒಬ್ಬೊಬ್ಬರಿಗೆ 1,800. ದಿನಕ್ಕೆ 5,400! ನೋಟ್‌ಬುಕ್ಕಿನಲ್ಲಿ ಬಹಳ ಚಂದ ಕಂಡಿತು. ಒಬ್ಬರಿಗೆ ಏಕಾದಶಿ ಉಪವಾಸ, ಒಬ್ಬರಿಗೆ ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ಶುಗರ್ ಇಳಿಯುತ್ತದೆ, ಇನ್ನೊಬ್ಬರು ಯಾರ ಮಾತೂ ಕೇಳದವರು. ದಶಾಶ್ವಮೇಧ ಘಾಟಿನಲ್ಲಿ ಸಂಜೆ ಆರತಿಯ ನೂಕುನುಗ್ಗಲು. ಶುಗರಿನವರಿಗೆ ಬಾಳೆಹಣ್ಣು ಸುಲಿದು ಕೊಟ್ಟು ತಲೆ ಎತ್ತಿದರೆ ಆ ಮೂರನೆಯವರು ಇಲ್ಲ. ಇಪ್ಪತ್ತು ನಿಮಿಷ. ಇಬ್ಬರನ್ನು ಮೆಟ್ಟಿಲ ಮೇಲೆ ಕೂರಿಸಿ, ಒಬ್ಬರ ಸೆರಗಿಗೆ ಇನ್ನೊಬ್ಬರ ಸೆರಗು ಗಂಟು ಹಾಕಿ, ಹುಡುಕಲು ಓಡಿದೆ. ಆಯಮ್ಮ ಒಂದು ಅಂಗಡಿ ಮುಂದೆ ನಿಂತು ಗಂಗಾಜಲದ ತಂಬಿಗೆಗೆ ಕನ್ನಡದಲ್ಲಿ ಚೌಕಾಸಿ ಮಾಡುತ್ತಿದ್ದರು. ಅಂಗಡಿಯವನು ಹಿಂದಿಯಲ್ಲಿ. ಇಬ್ಬರಿಗೂ ಚೆನ್ನಾಗಿ ಅರ್ಥವಾಗುತ್ತಿತ್ತು. ನನಗೆ ಮಾತ್ರ ಕೈಕಾಲು ನಡುಗುತ್ತಿತ್ತು. ಆಮೇಲೆ ಒಬ್ಬರು, ತಪ್ಪಿದರೆ ಗಂಡ ಹೆಂಡತಿ. ಗಂಡ ಹೆಂಡತಿಗೆ ಒಂದೂವರೆ ದರ.

ಬಿಳಿ ಕೋಟು ಹಾಕಿದರೆ ಹೆಚ್ಚು ಕೇಳಬಹುದು ಅಂತ ಯಾರೋ ಹೇಳಿದ್ದರು. ಹಾಕಿದೆ. ಮಗ ಚೌಕಾಸಿ ಮಾಡಲಿಲ್ಲ ನಿಜ, ತಾಯಿ ಮಾತ್ರ "ನಾನೇನು ರೋಗಿಷ್ಟಳಾ?" ಅಂತ ದಾರಿಯುದ್ದಕ್ಕೂ ಮುಖ ತಿರುಗಿಸಿಕೊಂಡರು. ಕೋಟು ಈಗ ಕುಕ್ಕರಿನ ಬಿಸಿ ಹಿಡಿಯುವ ಬಟ್ಟೆ.

ಹಿರಿಯರು ಕೊನೆಯಲ್ಲಿ ಕೈಗಿಡುವ ದುಡ್ಡನ್ನು ದರದಲ್ಲಿ ಸೇರಿಸಬೇಡಿ, ಬೇಡ ಅನ್ನಲೂ ಬೇಡಿ. ಸೆರಗಿನ ಗಂಟು ಬಿಚ್ಚಿ 50 ರೂಪಾಯಿ, ಜೊತೆಗೊಂದು ಕುಪ್ಪಸದ ಕಣ. ನನ್ನ ಹತ್ತಿರ ಈಗ 27 ಕಣ ಇವೆ, ಹೆಚ್ಚಿನವು ಹಸಿರು.

ಹೋದ ವರ್ಷ 118 ದಿನ ಹೊರಗಿದ್ದೆ. ರಾತ್ರಿ ಬಾಟಾ ಸೇರಿ ಬಂದದ್ದು ನಾಲ್ಕು ಲಕ್ಷದ ಆಸುಪಾಸು, ಖರ್ಚು ಕಳೆದು ಎರಡೂ ಮುಕ್ಕಾಲರ ಮೇಲೆ. ಜಿಎಸ್‌ಟಿ ಬಿಲ್ ಕೊಡ್ತೀರಾ ಅಂದ ಒಬ್ಬ ಮಗರಾಯನಿಗೆ, 20 ಲಕ್ಷ ದಾಟಿದ ದಿನ ಕೊಡ್ತೀನಪ್ಪ ಅಂದೆ.

ಇನ್ನೂ ಲೆಕ್ಕಕ್ಕೆ ಕೂರದೇ ಇರುವುದು ಒಂದೇ, ಬಹಳ ದಿನದ ಕೆಲಸದ ದರ. ಮೊನ್ನೆ ಪುಣೆಯ ಮಗಳ ಮನೆಯಲ್ಲಿ 45 ದಿನ ಇರಬೇಕು ಅಂತ ಒಬ್ಬರು ಕೇಳಿದ್ದಾರೆ. 3,200ರ ಹಾಗೆ ಹಾಕಿದರೆ 1,44,000, ಹೇಳಲು ನನಗೇ ನಾಲಿಗೆ ಏಳಲಿಲ್ಲ. ಹದಿನೈದು ದಿನ ಆದಮೇಲೆ 2,600 ಅಂತ ಮಾಡಿ 1,26,000 ಹೇಳಿದ್ದೇನೆ. ಹೆಚ್ಚಾಯಿತೋ ಕಡಿಮೆಯಾಯಿತೋ ತಿಳಿಯದು, ಸೋಮವಾರ ಹೇಳುತ್ತೇವೆ ಅಂದಿದ್ದಾರೆ. ಅದಕ್ಕೂ ಮೊದಲು, 45 ದಿನ ಅಮ್ಮನನ್ನು ನೋಡಿಕೊಳ್ಳಲು ಆಗುತ್ತದಾ ಅಂತ ಪಕ್ಕದ ಮನೆ ಅಕ್ಕನನ್ನು ಕೇಳಬೇಕು. ಅವಳೂ ಈಚೆಗೆ ದಿನಕ್ಕೆ 500 ಅನ್ನುತ್ತಿದ್ದಾಳೆ.