ಸೌಂಡ್ ಹುಡುಗರ ಕಿವಿ ಉಳಿಸಲು ನಾವು ಮಾಡಿಕೊಂಡಿರುವ ಏರ್ಪಾಡು

ಕಿವಿಗೆ ಹತ್ತಿ ಇಟ್ಟುಕೊಂಡರೆ ಸಾಲದು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಜಾತ್ರೆಗೆ, ಕರಗಕ್ಕೆ, ಗಣೇಶನ ಮೆರವಣಿಗೆಗೆ, ಆರ್ಕೆಸ್ಟ್ರಾಗೆ ಸ್ಪೀಕರ್ ಬಾಕ್ಸ್ ಕಟ್ಟುವವರ ಕಿವಿಯಲ್ಲಿ ಏನಾದರೂ ಕಂಡರೆ ಅದು ಹತ್ತಿಯೇ. ಅದು ತಡೆಯುವುದು ಕೆಲವೇ ಡೆಸಿಬಲ್, ಅದೂ ಹೆಚ್ಚಾಗಿ ಕೀರಲು ದನಿಯನ್ನು. ಬೇಸ್ ಅದರ ನಡುವೆಯೇ ನುಗ್ಗುತ್ತದೆ. ತಮಟೆಯ ಪಕ್ಕ 105 ಡೆಸಿಬಲ್ ಇರುವ ಕಡೆ ಹತ್ತಿ ಇಟ್ಟವನ ಕಿವಿಗೆ 100ರ ಆಸುಪಾಸು ಬೀಳುತ್ತಲೇ ಇರುತ್ತದೆ. ಮುಚ್ಚಿಕೊಂಡಿದ್ದೇನಲ್ಲ ಎಂಬ ಧೈರ್ಯದಲ್ಲಿ ಅವನು ಇನ್ನೆರಡು ಹೆಜ್ಜೆ ಮುಂದೆ ಹೋಗುವುದು ಬೇರೆ.

ನಮ್ಮ ಏರ್ಪಾಡೆಲ್ಲ ಒಂದು ಲೆಕ್ಕದ ಮೇಲೆ ನಿಂತಿದೆ. 3 ಡೆಸಿಬಲ್ ಏರಿದರೆ ಕಿವಿಗೆ ಬೀಳುವ ಶಕ್ತಿ ಎರಡರಷ್ಟಾಗುತ್ತದೆ, ಹಾಗಾಗಿ ಅಲ್ಲಿ ನಿಲ್ಲಬಹುದಾದ ಹೊತ್ತು ಅರ್ಧವಾಗುತ್ತದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಹೇಳುವ ಮಿತಿ ದಿನಕ್ಕೆ 85 ಡೆಸಿಬಲ್‌ನಲ್ಲಿ 8 ಗಂಟೆ. ಅಲ್ಲಿಂದ 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ 1, 97ಕ್ಕೆ ಅರ್ಧ ಗಂಟೆ, 100ಕ್ಕೆ 15 ನಿಮಿಷ, 106ಕ್ಕೆ ನಾಲ್ಕು ನಿಮಿಷವೂ ಇಲ್ಲ. ನಮ್ಮ ಕೆಲಸ ಸಂಜೆ ನಾಲ್ಕಕ್ಕೆ ಶುರುವಾಗುವ ಸೌಂಡ್ ಚೆಕ್‌ನಿಂದ ರಾತ್ರಿ 10ರವರೆಗೆ, ಅಂದರೆ ಆರು ಗಂಟೆ. ಮಿಕ್ಸರ್ ಇಟ್ಟ ಕಡೆ 100 ಇದ್ದರೆ ಒಂದೇ ಸಂಜೆಯಲ್ಲಿ ಇಪ್ಪತ್ತನಾಲ್ಕು ದಿನದ ಪಾಲು ಖರ್ಚು. ಆರು ಗಂಟೆ ನಿಲ್ಲಬೇಕೆಂದರೆ ಕಿವಿಗೆ ಬೀಳುವುದು 86ರ ಸುಮಾರಿಗೆ ಇಳಿಯಬೇಕು. ಅಂದರೆ 14 ಡೆಸಿಬಲ್ ಎಲ್ಲಿಂದಾದರೂ ಕಳೆಯಬೇಕು.

ಶಬ್ದ ಮಾಲಿನ್ಯದ 2000ದ ನಿಯಮಗಳು ಈ ಲೆಕ್ಕಕ್ಕೆ ಬರುವುದಿಲ್ಲ. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಎಂಬುದು ಅಕ್ಕಪಕ್ಕದ ಮನೆಯವರಿಗಾಗಿ. ನಮಗೆ ಅದರಿಂದ ಸಿಗುವ ಲಾಭ ರಾತ್ರಿ 10ಕ್ಕೆ ಬಂದ್ ಎನ್ನುವುದೊಂದೇ, ಅದೇನು ಸಣ್ಣ ಲಾಭವಲ್ಲ. ಜನ ಕೂತಿರುವ ಜಾಗಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದ ಗರಿಷ್ಠ ಮಟ್ಟ 15 ನಿಮಿಷದ ಸರಾಸರಿಯಲ್ಲಿ 100. ಕಮಿಟಿಯವರು ‘ಇನ್ನೂ ಏರಿಸಿ’ ಎಂದಾಗ ತೋರಿಸಲು ಈ ಅಂಕಿಯನ್ನು ಮಿಕ್ಸರ್ ಪಕ್ಕ ಅಂಟಿಸಿಕೊಂಡಿದ್ದೇವೆ. ಯಾವಾಗಲೂ ಕೇಳುತ್ತಾರೆ ಎಂದಲ್ಲ.

ಮೊದಲು ಅಳೆಯುತ್ತೇವೆ. ಸದ್ದು ಅಳೆಯುವ ಕ್ಲಾಸ್ 2 ಮೀಟರ್ ಒಂದಿದ್ದರೆ ಒಳ್ಳೆಯದು. ಫೋನ್ ಆ್ಯಪ್ ಆದರೆ ಆ ಮೀಟರ್ ಪಕ್ಕ ಇಟ್ಟು ಎಷ್ಟು ವ್ಯತ್ಯಾಸ ಬರುತ್ತದೆ ಎಂದು ಬರೆದಿಟ್ಟುಕೊಳ್ಳಬೇಕು. ಫೋನಿನ ಮೈಕು ಮಾತಿಗಾಗಿ ಮಾಡಿದ್ದು, ಜೋರು ಸದ್ದಿಗೆ ಅದು ಒಂದು ಮಟ್ಟದಲ್ಲಿ ನಿಂತುಬಿಡುತ್ತದೆ. ಬಾಕ್ಸ್ ಎಷ್ಟು ಕೂಗಿದರೂ ಅಂಕಿ ಮೇಲೆ ಹೋಗದಿದ್ದರೆ ಸದ್ದು ಅಷ್ಟೇ ಇದೆ ಎಂದು ನಂಬಬೇಡಿ. ಮೀಟರನ್ನು ಎ ವೇಟಿಂಗ್ (ಕಿವಿಯಂತೆ ಬೇಸನ್ನು ಕಡಿಮೆ ಎಣಿಸುವ ಅಳತೆ), ಸ್ಲೋ (ಅಂಕಿ ನಿಧಾನಕ್ಕೆ ಬದಲಾಗುವುದು) ಇಟ್ಟು, ಕೆಲಸ ಮಾಡುವವನ ಕಿವಿಯ ಎತ್ತರದಲ್ಲಿ ಹಿಡಿದು, ಒಂದು ಹಾಡು ಪೂರ್ತಿ ಸರಾಸರಿ ನೋಡುತ್ತೇವೆ. ಆಮೇಲೆ ಬೇಸನ್ನೂ ಹೆಚ್ಚುಕಡಿಮೆ ಪೂರ್ತಿ ಎಣಿಸುವ ಸಿ ವೇಟಿಂಗ್‌ಗೆ ತಿರುಗಿಸಿ ಮತ್ತೊಮ್ಮೆ. ಎ 98, ಸಿ 113 ಬಂದರೆ ಅಲ್ಲಿ ಬೇಸ್ ವಿಪರೀತ ಎಂದರ್ಥ. ಬೇಸ್ ಹೆಚ್ಚಾದಷ್ಟೂ ಹಾಡುವವರ ಮಾತು ಮುಚ್ಚಿಹೋಗುತ್ತದೆ, ಮಾತು ಕೇಳಲಿ ಎಂದು ಟಾಪ್ (ಮಾತು, ಕೀರಲು ದನಿ ಬರುವ ಬಾಕ್ಸ್) ಏರಿಸುತ್ತೇವೆ, ಕಿವಿಯನ್ನು ನಿಜವಾಗಿ ಕೆಡಿಸುವ 2ರಿಂದ 5 ಕಿಲೋಹರ್ಟ್ಸ್‌ನ ಕೀರಲು ಸದ್ದು ಹೀಗೆ ಹಿಂಬಾಗಿಲಿನಿಂದ ಬರುತ್ತದೆ. ಬೇಸ್ ಇಳಿಸಿದರೆ ಎಷ್ಟೋ ಸಲ ಟಾಪ್ ತಾನಾಗಿ ಇಳಿಯುತ್ತದೆ.

ಕಳೆಯಬೇಕಾದ ಆ 14 ಡೆಸಿಬಲ್‌ನಲ್ಲಿ ಪುಕ್ಕಟೆ ಸಿಗುವುದು ದೂರ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ 6 ಡೆಸಿಬಲ್ ಇಳಿಯುತ್ತದೆ: 4 ಮೀಟರ್‌ನಿಂದ 8ಕ್ಕೆ 6, 16ಕ್ಕೆ ಹೋದರೆ 12. ಆದರೂ ಹಳ್ಳಿ ಕಾರ್ಯಕ್ರಮದಲ್ಲಿ ಮಿಕ್ಸರ್ ಟೇಬಲ್ ಬಾಕ್ಸಿನ ಬುಡದಲ್ಲೇ ಇರುತ್ತದೆ. ಕಾರಣ ಬಹಳ ಸಾದಾ: ವೇದಿಕೆಯ ಮೈಕುಗಳನ್ನೆಲ್ಲ ಮಿಕ್ಸರಿಗೆ ತರುವ ಮಲ್ಟಿಕೋರ್ ಕೇಬಲ್ 15 ಮೀಟರ್ ಮಾತ್ರ ಇರುತ್ತದೆ. 30 ಮೀಟರಿನ ಕೇಬಲ್ ಕೊಳ್ಳುವುದು ನಮ್ಮ ಪಟ್ಟಿಯಲ್ಲಿ ಇಯರ್‌ಪ್ಲಗ್‌ಗಿಂತ ಮೇಲಿದೆ. ಡಿಜಿಟಲ್ ಮಿಕ್ಸರ್ ಇದ್ದವರು ಟ್ಯಾಬ್ ಹಿಡಿದು ಹಿಂದಿನ ಸಾಲಿಗೆ ಹೋಗಬಹುದು. ದೇವಸ್ಥಾನದ ಬೀದಿಯಲ್ಲಿ, ಎರಡೂ ಕಡೆ ಮನೆ ಗೋಡೆ ಇರುವಲ್ಲಿ, 6ರಷ್ಟು ಇಳಿಯುವುದಿಲ್ಲ. ಚೌಲ್ಟ್ರಿಯೊಳಗಂತೂ ಸ್ವಲ್ಪ ದೂರದ ಮೇಲೆ ಇಳಿಕೆ ನಿಂತೇ ಹೋಗುತ್ತದೆ, ಅಲ್ಲಿ ಗೋಡೆಯೇ ಸ್ಪೀಕರ್. ಒಂದರ ಕೆಳಗೊಂದು ಬಾಕ್ಸ್ ಜೋಡಿಸಿದ ಲೈನ್ ಅರೇ ಆದರೆ ಹತ್ತಿರದಲ್ಲಿ ದೂರ ಎರಡು ಪಟ್ಟಾದರೂ ಇಳಿಯುವುದು ಸುಮಾರು 3 ಮಾತ್ರ.

ಟಾಪ್ ಬಾಕ್ಸನ್ನು ಮೇಜಿನ ಮೇಲಿಟ್ಟರೆ ಹಾರ್ನ್ (ಕೀರಲು ದನಿ ಹೊರಡುವ ಬಾಯಿ) ಸರಿಯಾಗಿ ಮುಂದಿನ ಸಾಲಿನ ಮಕ್ಕಳ ಕಿವಿಗೆ ಹೊಡೆಯುತ್ತದೆ. ಸ್ಟ್ಯಾಂಡ್ ಏರಿಸಿ ಹಾರ್ನ್ ತಲೆಯ ಮೇಲೆ ಬರುವಂತೆ ಮಾಡಿ, ಹಿಂದಿನ ಸಾಲಿನ ಕಡೆ ಬಗ್ಗಿಸುತ್ತೇವೆ. ಹಿಂದೆ ಕೂತವರಿಗೆ ಕೇಳಿದರೆ ಮುಂದಿನವರನ್ನು ಕೊಲ್ಲಬೇಕಿಲ್ಲ. ಹಾರ್ನಿನ ಪಕ್ಕಕ್ಕೆ ಸರಿದರೆ ಕೀರಲು ಇಳಿಯುತ್ತದೆ, ಬೇಸ್ ಮಾತ್ರ ಸುತ್ತಲೂ ಹರಡುತ್ತದೆ. ಮೂರು ಬೇಸ್ ಬಾಕ್ಸ್ ಇದ್ದರೆ ಒಂದನ್ನು ಹಿಂದಕ್ಕೆ ತಿರುಗಿಸಿ, ಅದರ ಪೊಲಾರಿಟಿ (ಪ್ಲಸ್–ಮೈನಸ್) ಉಲ್ಟಾ ಮಾಡಿ, ಬಾಕ್ಸಿನ ಆಳಕ್ಕೆ ತಕ್ಕಂತೆ ಅದರ ಸದ್ದು ತುಸು ತಡವಾಗಿ ಹೊರಡುವಂತೆ ಡಿಲೇ ಕೊಟ್ಟರೆ (1 ಮೀಟರ್‌ಗೆ ಸುಮಾರು 2.9 ಮಿಲಿಸೆಕೆಂಡ್) ವೇದಿಕೆ ಕಡೆಯ ಬೇಸ್ ಗಮನಾರ್ಹವಾಗಿ ತಗ್ಗುತ್ತದೆ. ಡಿಲೇ ತಪ್ಪಿದರೆ ಮುಂದೆಯೇ ಬೇಸ್ ಸತ್ತುಹೋಗುತ್ತದೆ, ಆದ್ದರಿಂದ ಜನ ಸೇರುವ ಮೊದಲೇ ನಡೆದಾಡಿ ಕೇಳಿ.

ಮೆರವಣಿಗೆ ಗಾಡಿಯ ಕಥೆ ಬೇರೆ. ಟಾಟಾ ಏಸ್ ಮೇಲೆ ಬಾಕ್ಸ್ ಪೇರಿಸಿದರೆ ಸುತ್ತ ಕುಣಿಯುವವರಿಗೂ ನಮಗೂ ದೂರವೇ ಇಲ್ಲ. ಆಪರೇಟರ್ ಬಾಕ್ಸುಗಳ ನಡುವಿನ ಗೂಡಿನಲ್ಲಿ ಕೂರದೆ ಡ್ರೈವರ್ ಪಕ್ಕ ಕೂರಬೇಕು, ಕ್ಯಾಬಿನ್ ಹಿಂದಿನ ಗಾಜು ಮುಚ್ಚಿರಬೇಕು. ಇಲ್ಲಿ ಪ್ಲಗ್ ಇಲ್ಲದೆ ಯಾರನ್ನೂ ಗಾಡಿ ಹತ್ತಿಸುವುದಿಲ್ಲ. ಪಟಾಕಿ ಸಿಡಿಸುವ ಕಡೆ ಪ್ಲಗ್ ಮೇಲೆ ಇಡೀ ಕಿವಿ ಮುಚ್ಚುವ ಇಯರ್‌ಮಫ್ ಕೂಡ. ಎರಡೂ ಸೇರಿದರೆ ತಡೆ ಎರಡರ ಮೊತ್ತ ಆಗುವುದಿಲ್ಲ, ಒಂದರ ಮೇಲೆ 5ರಿಂದ 10 ಅಷ್ಟೇ ಹೆಚ್ಚು. ಉಳಿದದ್ದು ತಲೆಬುರುಡೆಯ ಮೂಲಕವೇ ಒಳಗೆ ಹೋಗುತ್ತದೆ.

ವೇದಿಕೆಯ ಮೇಲೆ ಸದ್ದು ಏರುವುದು ಹಗ್ಗಜಗ್ಗಾಟದ ಹಾಗೆ. ಗಾಯಕರು ತಮ್ಮ ಕಡೆ ಮುಖ ಮಾಡಿಟ್ಟ ಬಾಕ್ಸ್, ಅಂದರೆ ಮಾನಿಟರ್‌ನಲ್ಲಿ ‘ನನ್ನ ವಾಯ್ಸ್ ಜಾಸ್ತಿ ಮಾಡಿ’ ಎನ್ನುತ್ತಾರೆ, ಅದನ್ನು ಮೀರಿಸಲು ಕೀಬೋರ್ಡಿನವರು, ಅವರನ್ನು ಮೀರಿಸಲು ರಿದಮ್ ಪ್ಯಾಡಿನವರು. ನಾವು ಏರಿಸುವ ಬದಲು ಆ ಮಾನಿಟರಿನಲ್ಲಿ ಬೇಡದ್ದನ್ನು ಇಳಿಸುತ್ತೇವೆ. ವಾಯ್ಸ್ ಚಾನೆಲ್‌ನಲ್ಲಿ 100–120 ಹರ್ಟ್ಸ್ ಕೆಳಗಿನದನ್ನು ಕತ್ತರಿಸುತ್ತೇವೆ. ಮಾನಿಟರ್ ಮೊಣಕಾಲಿಗೆ ಹಾಡದೆ ಕಿವಿ ಕಡೆ ಮುಖ ಮಾಡಿರಬೇಕು, ಒಂದು–ಒಂದೂವರೆ ಮೀಟರ್ ಅಂತರದಲ್ಲಿ. ರಿದಮ್ ಪ್ಯಾಡ್ ನೇರ ಮಿಕ್ಸರಿಗೆ ಬರಲಿ, ಅದಕ್ಕೆ ವೇದಿಕೆಯಲ್ಲಿ ಬೇರೆ ಆ್ಯಂಪ್ ಬೇಡ. ಹೆಡ್‌ಫೋನ್‌ನಲ್ಲಿ ಚಾನೆಲ್ ಕೇಳುವುದು ಹತ್ತು ಸೆಕೆಂಡಿನ ಕೆಲಸ, ಹಾಕಿಕೊಂಡೇ ಇರುವುದಲ್ಲ. ಹೊರಗೆ 100 ಇದ್ದಾಗ ಕೇಳಬೇಕೆಂದರೆ ಹೆಡ್‌ಫೋನ್ ಅದಕ್ಕಿಂತ ಜೋರಾಗಿರಬೇಕಾಗುತ್ತದೆ.

ಇನ್ನು ಒಮ್ಮೆಲೆ ಬಡಿಯುವ ಸದ್ದು. ಮೈಕು ‘ಕುಯ್ಯ್’ ಎನ್ನುವುದು, ಜ್ಯಾಕ್ ಕಿತ್ತಾಗ ‘ಧಡ್’ ಎನ್ನುವುದು. ಹಚ್ಚುವಾಗ ಮಿಕ್ಸರ್ ಮೊದಲು, ಆ್ಯಂಪ್ ಕೊನೆಗೆ. ಆರಿಸುವಾಗ ಆ್ಯಂಪ್ ಮೊದಲು. ಚಾನೆಲ್ ಮ್ಯೂಟ್ ಮಾಡದೆ ಕೇಬಲ್ ಮುಟ್ಟುವಂತಿಲ್ಲ. ಪ್ರೊಸೆಸರಿನಲ್ಲಿ ಸದ್ದು ಒಂದು ಮಿತಿ ದಾಟದಂತೆ ತಡೆಯುವ ಲಿಮಿಟರ್ ಹಾಕಿರುತ್ತೇವೆ, ಅದರ ಪಾಸ್‌ವರ್ಡ್ ಹುಡುಗರಿಗೆ ಕೊಟ್ಟಿಲ್ಲ.

ಇಷ್ಟಾದ ಮೇಲೆ ಪ್ಲಗ್. ಔಷಧಿ ಅಂಗಡಿಯಲ್ಲೋ ಸೇಫ್ಟಿ ಸಾಮಾನಿನ ಅಂಗಡಿಯಲ್ಲೋ ಸಿಗುವ ಫೋಮ್ ಪ್ಲಗ್ ಸಾಕು, ಹಾಕುವ ಕ್ರಮ ಗೊತ್ತಿದ್ದರೆ. ಕೈ ತೊಳೆದು ಒರೆಸಿಕೊಳ್ಳಿ. ಜನರೇಟರ್ ಗ್ರೀಸ್, ಕುಂಕುಮ ಎರಡೂ ಕಿವಿಯೊಳಗೆ ಹೋಗಬಾರದು. ಪ್ಲಗ್ಗನ್ನು ಬೀಡಿಗಿಂತ ತೆಳ್ಳಗೆ, ಸುಕ್ಕು ಬೀಳದಂತೆ ಹೊಸೆಯಿರಿ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಮೇಲಿಂದ ತಂದು ಕಿವಿಯ ಮೇಲ್ತುದಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ, ಆಗ ಸೊಟ್ಟಗಿರುವ ದಾರಿ ನೆಟ್ಟಗಾಗುತ್ತದೆ. ಒಳಗೆ ತಳ್ಳಿ ಬೆರಳ ತುದಿಯಲ್ಲಿ 30–40 ಸೆಕೆಂಡ್ ಒತ್ತಿ ಹಿಡಿಯಿರಿ. ಮಾಗಿಯ ಚಳಿಯಲ್ಲಿ ಫೋಮ್ ಬಿರುಸಾಗಿರುತ್ತದೆ, ಒಂದು ನಿಮಿಷ ಬೇಕು.

ಸರಿಯಾಗಿ ಕೂತಿದೆಯೇ ಎಂದು ನೋಡಲು ಎರಡು ಅಂಗೈಯಿಂದ ಕಿವಿ ಒತ್ತಿ ಮುಚ್ಚಿ ಬಿಡಿ. ಸದ್ದಿನಲ್ಲಿ ದೊಡ್ಡ ವ್ಯತ್ಯಾಸ ಬಂದರೆ ಪ್ಲಗ್ ಕೂತಿಲ್ಲ. ಬಾಯಿ ಮುಚ್ಚಿ ‘ಮ್’ ಎಂದರೆ ಎರಡೂ ಕಿವಿಯಲ್ಲಿ ಒಂದೇ ಸಮ ಗುಂಯ್ಗುಡಬೇಕು. ಹೆಚ್ಚಾಗಿ ಆಗುವ ತಪ್ಪು ಅರ್ಧ ಮಾತ್ರ ತೂರಿಸುವುದು. ಕನ್ನಡಿಯಲ್ಲಿ ಎದುರಿನಿಂದ ನೋಡಿದಾಗ ಪ್ಲಗ್ ಹೊರಗೆ ಕೋಡಿನಂತೆ ಕಂಡರೆ ಅದು ಅಲಂಕಾರ ಅಷ್ಟೇ. ಎರಡನೆಯ ತಪ್ಪು ಎಲೆ ಅಡಿಕೆ. ದವಡೆ ಆಡಿದಂತೆಲ್ಲ ಕಿವಿಯ ದಾರಿಯ ಆಕಾರ ಬದಲಾಗಿ ಪ್ಲಗ್ ಸಡಿಲವಾಗುತ್ತದೆ. ಅಗಿಯುವವರು ಅರ್ಧ ಗಂಟೆಗೊಮ್ಮೆ ಮತ್ತೆ ಕೂರಿಸಿಕೊಳ್ಳಬೇಕು. ಕಿವಿಗೆ ಎಣ್ಣೆ ಬಿಟ್ಟುಕೊಂಡು ಬಂದ ದಿನ ಫೋಮ್ ಜಾರುತ್ತದೆ. ಕಿವಿ ಸೋರುತ್ತಿದ್ದರೆ ಪ್ಲಗ್ಗೂ ಬೇಡ, ಎಣ್ಣೆಯೂ ಬೇಡ, ಇಎನ್‌ಟಿ ಡಾಕ್ಟರ ಹತ್ತಿರ ಹೋಗಬೇಕು. ಮಫ್ ಹಾಕುವವರಿಗೆ ಕನ್ನಡಕದ ಕಡ್ಡಿ, ಪೇಟ, ದೊಡ್ಡ ಓಲೆ ಮೂರೂ ಶತ್ರು. ಸಂದಿಯಿಂದ ಮೊದಲು ನುಗ್ಗುವುದು ಬೇಸ್.

ಪ್ಯಾಕೆಟ್ ಮೇಲೆ ಎನ್‌ಆರ್‌ಆರ್ (ಪ್ಲಗ್ ಎಷ್ಟು ಡೆಸಿಬಲ್ ತಡೆಯುತ್ತದೆ ಎಂಬ ಅಂಕಿ) 29 ಎಂದಿದ್ದರೆ 29 ಇಳಿಯಿತು ಎಂದುಕೊಳ್ಳಬಾರದು. 7 ಕಳೆದು ಎರಡರಿಂದ ಭಾಗಿಸಿದರೆ 11, ಅದು ನಂಬಬಹುದಾದ ಅಂಕಿ. ಆರು ಗಂಟೆಯಲ್ಲಿ 36 ನಿಮಿಷ ಪ್ಲಗ್ ತೆಗೆದಿಟ್ಟರೆ ಆ 11 ಕೂಡ 8ಕ್ಕಿಂತ ಕೆಳಗೆ ಬೀಳುತ್ತದೆ. ನಿಜವಾಗಿಯೂ 30 ತಡೆಯುವ ಪ್ಲಗ್ ಆದರೂ ಅಷ್ಟೇ ಹೊತ್ತು ತೆಗೆದರೆ ಉಳಿಯುವುದು 10. ಹೀಗಾಗಿ ಒಳ್ಳೆಯ ಪ್ಲಗ್ ಯಾವುದು ಎಂದು ಕೇಳಿದರೆ ತೆಗೆಯದೆ ಇಟ್ಟುಕೊಳ್ಳಬಹುದಾದದ್ದು ಎನ್ನುತ್ತೇನೆ. ತೆಗೆಯುವುದು ಯಾಕೆ? ಮಾತಾಡಲು. ಅದಕ್ಕೆ ಕೈಸನ್ನೆ ಮಾಡಿಕೊಂಡಿದ್ದೇವೆ: ಗಂಟಲು ಮುಟ್ಟಿದರೆ ವಾಯ್ಸ್, ಎದೆ ಮುಟ್ಟಿದರೆ ಬೇಸ್, ಹೆಬ್ಬೆರಳು ಮೇಲೆ ಕೆಳಗೆ. ದೂರದಿಂದ ಟಾರ್ಚ್. ಕಿವಿಗೆ ಬಾಯಿಟ್ಟು ಕಿರುಚುವುದು ಪೂರ್ತಿ ನಿಷಿದ್ಧ.

ಮಿಕ್ಸರ್ ಹಿಡಿದವನಿಗೆ ಫೋಮ್ ಒಗ್ಗುವುದಿಲ್ಲ ಎಂಬ ದೂರು ನಿಜವಾದದ್ದೇ. ಫೋಮ್ ಕೀರಲನ್ನು ಹೆಚ್ಚು, ಬೇಸನ್ನು ಕಡಿಮೆ ತಡೆಯುತ್ತದೆ. ಕಂಬಳಿ ಹೊದ್ದು ಕೇಳಿದ ಹಾಗೆ. ಅವನು ಟ್ರೆಬಲ್ ಏರಿಸುತ್ತಾನೆ, ಜನರ ಕಿವಿ ಹರಿಯುತ್ತದೆ. ಅವನಿಗೆ ಸಂಗೀತಗಾರರ ಫಿಲ್ಟರ್ ಪ್ಲಗ್ ಕೊಡಿಸುತ್ತೇವೆ. ಎಟಿಮೋಟಿಕ್ ಇಆರ್20 ತರಹದವು ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಸಮವಾಗಿ ಇಳಿಸುತ್ತವೆ. ಕಿವಿಯ ಅಚ್ಚು ತೆಗೆಸಿ ಮಾಡಿಸುವುದಾದರೆ 9, 15, 25 ಡೆಸಿಬಲ್ ಫಿಲ್ಟರ್ ಬದಲಿಸಿ ಹಾಕಬಹುದು. ಮಿಕ್ಸಿಂಗಿಗೆ 15 ಹದ. ಸೌಂಡ್ ಚೆಕ್‌ನ ಮೊದಲ ನಿಮಿಷದಿಂದಲೇ ಹಾಕಬೇಕು, ನಡುವೆ ಹಾಕಿದರೆ ಬ್ಯಾಲೆನ್ಸ್ ಕೆಡುತ್ತದೆ. ಸಿಲಿಕೋನ್ ರೆಕ್ಕೆಗಳನ್ನು ಸಾದಾ ಸೋಪಿನ ನೀರಿನಲ್ಲಿ ತೊಳೆಯಿರಿ, ಫಿಲ್ಟರ್ ಒಳಗೆ ನೀರು ಹೋಗಬಾರದು.

ತಮಟೆಯವರ ವಿಷಯ ಸೂಕ್ಷ್ಮ. 2023ರಲ್ಲಿ ತಮಟೆಗೆ ಪದ್ಮಶ್ರೀ ತಂದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರ ಸೀಮೆ ಇದು, ಮೆಲ್ಲಗೆ ಬಾರಿಸಿ ಎಂದು ಇಲ್ಲಿ ಯಾರಿಗೂ ಹೇಳಲಾಗದು. ಬೆಂಕಿಗೆ ಕಾಯಿಸಿ ಬಿಗಿ ಮಾಡಿದ ಚರ್ಮದ ಏಟು ಚೂರಿಯಷ್ಟು ಹರಿತ. ಸ್ಲೋದಲ್ಲಿಟ್ಟ ಮೀಟರ್ ಅದರ ತುದಿಯನ್ನು ತೋರಿಸುವುದೇ ಇಲ್ಲ. ಜೋರು ಸದ್ದಿಗೆ ಕಿವಿಯೊಳಗಿನ ಪುಟ್ಟ ಸ್ನಾಯು ಬಿಗಿದುಕೊಂಡು ಸ್ವಲ್ಪ ಅಡ್ಡ ಬರುತ್ತದೆ ನಿಜ, ಆದರೆ ಅದು ಎಚ್ಚರಾಗುವಷ್ಟರಲ್ಲಿ ಏಟು ಒಳಗೆ ಹೋಗಿರುತ್ತದೆ. ನಾವು ಮಾಡುವುದು ಇಷ್ಟು: ತಂಡವನ್ನು ಹಾಡುವವರ ಮೈಕಿನಿಂದ ಮೂರು ಮೀಟರ್ ಆಚೆ ನಿಲ್ಲಿಸುತ್ತೇವೆ, ತಮಟೆಯನ್ನು ಮಾನಿಟರಿಗೆ ಹಾಕುವುದೇ ಇಲ್ಲ, ದಾರ ಕಟ್ಟಿದ ಪ್ಲಗ್ ಕೊಡುತ್ತೇವೆ. ಲಯ ಕೈಗೂ ಎದೆಗೂ ಗೊತ್ತಾಗುವುದರಿಂದ ಅವರು ಗಾಯಕರಿಗಿಂತ ಬೇಗ ಒಗ್ಗಿಕೊಳ್ಳುತ್ತಾರೆ. ಗಾಯಕರಿಗೆ ಪ್ಲಗ್ ಹಾಕಿದರೆ ಸ್ವಂತ ದನಿ ಕೊಡದೊಳಗೆ ಕೂಗಿದಂತಾಗುತ್ತದೆ. ಆಳವಾಗಿ ಕೂರಿಸಿದರೆ ಅದು ಕಡಿಮೆ, ಮೇಲೆ ಮೇಲೆ ಇಟ್ಟರೆ ಹೆಚ್ಚು. ಇನ್‌ಇಯರ್ (ಕಿವಿಯೊಳಗೆ ಕೂರುವ ಮಾನಿಟರ್) ಕೊಟ್ಟರೆ ಎರಡೂ ಕಿವಿಗೆ ಹಾಕಿಕೊಳ್ಳಬೇಕು. ಒಂದನ್ನು ತೆಗೆದು ನೇತಾಡಿಸಿದರೆ ತೆರೆದ ಕಿವಿಗೆ ವೇದಿಕೆಯ ಸದ್ದು ಪೂರ್ತಿ, ಮುಚ್ಚಿದ ಕಿವಿಗೆ ಅದನ್ನು ಮೀರಿಸಲು ಏರಿಸಿದ ವಾಲ್ಯೂಮ್.

ಸರದಿ ಹಾಕುತ್ತೇವೆ. ವೇದಿಕೆ ಪಕ್ಕ 97 ಇದ್ದರೆ ಒಬ್ಬನಿಗೆ ಅರ್ಧ ಗಂಟೆ, ಆಮೇಲೆ ಕೇಬಲ್, ಗೇಟು, ಗಾಡಿ ಕಡೆ. ಜನರೇಟರ್ ಪಕ್ಕ ಕೂರುವುದು ವಿಶ್ರಾಂತಿಯಲ್ಲ. ಮುಚ್ಚಿದ ಪೆಟ್ಟಿಗೆಯ ಹೊಸ ಜನರೇಟರಿಗೇ 1 ಮೀಟರಿನಲ್ಲಿ 75ರ ಮಿತಿ, ತೆರೆದ ಹಳೆಯದು ಇನ್ನೂ ಜೋರು. ವಾಪಸ್ ಬರುವಾಗ ಇಯರ್‌ಫೋನ್ ಇಲ್ಲ.

ಬೆಳಿಗ್ಗೆ ಎದ್ದಾಗಲೂ ಕಿವಿ ಗುಂಯ್ ಎನ್ನುತ್ತಿದ್ದರೆ, ಮುಚ್ಚಿಕೊಂಡ ಹಾಗಿದ್ದರೆ ಆ ದಿನ ಅವನಿಗೆ ವೇದಿಕೆ ಕೆಲಸವಿಲ್ಲ. ಒಂದು ಕಿವಿ ಥಟ್ಟನೆ ಕೇಳದೇ ಹೋದರೆ ಮೇಣವಿರಬಹುದು ಎಂದು ಕಾಯದೆ ಅಂದೇ ಇಎನ್‌ಟಿ ಬಳಿ ಹೋಗಬೇಕು, ಚಿಕಿತ್ಸೆ ಫಲಿಸುವ ಅವಕಾಶ ಮೊದಲ ದಿನಗಳಲ್ಲೇ ಹೆಚ್ಚು. ವರ್ಷಕ್ಕೊಮ್ಮೆ ಗಣೇಶನ ಸೀಸನ್‌ಗೆ ಮೊದಲು ಎಲ್ಲರಿಗೂ ಆಡಿಯೋಗ್ರಾಂ (ಯಾವ ಸ್ವರ ಎಷ್ಟು ಕೇಳುತ್ತದೆ ಎಂಬ ಪರೀಕ್ಷೆ) ಮಾಡಿಸುತ್ತೇವೆ. ಅದಕ್ಕೆ ಹಿಂದಿನ 14 ಗಂಟೆಯಾದರೂ ಜೋರು ಸದ್ದು ಬಿದ್ದಿರಬಾರದು, ಇಲ್ಲದಿದ್ದರೆ ತಾತ್ಕಾಲಿಕ ಇಳಿಕೆಯೂ ಸೇರಿ ಓದು ತಪ್ಪಾಗುತ್ತದೆ. ಹೆಚ್ಚಿನ ಪರೀಕ್ಷೆ ಬೇಕಾದರೆ ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕಾಗದ ಕೈಗೆ ಬಂದಾಗ ಮೊದಲು ನೋಡುವುದು 4000 ಹರ್ಟ್ಸ್ ಕಡೆ. ಸದ್ದಿನ ಪೆಟ್ಟು ಮೊದಲು ಗುಂಡಿ ತೋಡುವುದು 3000ದಿಂದ 6000ದ ನಡುವೆ. 1000ದಲ್ಲಿ ಎಲ್ಲ ಸರಿಯಿದ್ದು 4000ದಲ್ಲಿ ಕಳೆದ ವರ್ಷಕ್ಕಿಂತ 10 ಡೆಸಿಬಲ್ ಕುಸಿದಿದ್ದರೆ ಆ ಹುಡುಗನನ್ನು ಮೆರವಣಿಗೆ ಗಾಡಿಯಿಂದ ಇಳಿಸಿ, ಆ ವರ್ಷಪೂರ್ತಿ ಕೇಬಲ್ ಮತ್ತು ಲೈಟಿನ ಕೆಲಸ ಕೊಡುತ್ತೇವೆ, ಕೂಲಿ ಕಡಿಮೆ ಮಾಡದೆ. ಕೂಲಿ ಕಡಿಮೆ ಮಾಡಿದರೆ ಮುಂದಿನ ಸಲ ಯಾರೂ ಗುಂಯ್ ಎನ್ನುವುದನ್ನು ಬಾಯಿಬಿಟ್ಟು ಹೇಳುವುದಿಲ್ಲ.